ಸುಳ್ಳು ಹೆಸರು ಹೇಳಿ ಆದ ಲಗ್ನ: ಗೊತ್ತಾದ ದಿನವೇ ತಾರೀಖು ಬರೆದಿಡಿ

"ಮೇಡಂರೀ, ಅಂವ ಹೇಳಿದ ಹೆಸರೇ ಸುಳ್ಳಂತ. ಹಂಗಾದ್ರ ನಂದು ಲಗ್ನ ಆಗೇ ಇಲ್ಲ ಅಲ್ರೀ?"

ಕಲಬುರಗಿಯಲ್ಲಿ ವಕೀಲಿಕೆ ಮಾಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಕೇಳುವವರ ಮುಖದಲ್ಲಿ ಒಂದು ಆಸೆ ಇರುತ್ತದೆ. ಹೆಸರು ಸುಳ್ಳಾದ ಮೇಲೆ ಲಗ್ನವೂ ಸುಳ್ಳು, ತಾಳಿ ತೆಗೆದಿಟ್ಟು ತವರಿಗೆ ಬಂದರೆ ಮುಗೀತು ಅನ್ನುವ ಆಸೆ. ಬಹಳ ಸಲ ನಾನು ಹೇಳಬೇಕಾದ ಉತ್ತರ ಅವರಿಗೆ ಬೇಕಾದದ್ದಾಗಿರುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಏನೇ ಅಚ್ಚಾಗಿರಲಿ, ಅಕ್ಷತೆ ಬೀಳುವಾಗ ನಿಮ್ಮ ಪಕ್ಕ ನಿಂತಿದ್ದ ಮನುಷ್ಯನ ಜೊತೆ ನಿಮ್ಮ ಲಗ್ನ ಆಗಿದೆ. ಅದನ್ನು ರದ್ದು ಮಾಡಿಸುವ ಹಕ್ಕು ನಿಮಗಿದೆ. ಆದರೆ ಆ ಹಕ್ಕಿಗೆ ಒಂದು ವರ್ಷದ ಗಡುವಿದೆ. ಮೋಸ ಗೊತ್ತಾದ ದಿನದಿಂದ ಆ ಗಡುವು ಓಡುತ್ತದೆ. ನಮ್ಮ ಕಡೆಯ ಜನ ಜಾಸ್ತಿ ಸೋಲುವುದು ಇದೇ ಜಾಗದಲ್ಲಿ.

ಮೊದಲ ಹೆಜ್ಜೆ: ಇದು ನಿಜಕ್ಕೂ ಮೋಸವೇ?

ಗಾಬರಿಯಾಗುವ ಮೊದಲು ಇದನ್ನು ನೋಡಿ. ನಮ್ಮ ಭಾಗದಲ್ಲಿ ಒಬ್ಬರಿಗೆ ಮೂರು ಹೆಸರಿರುವುದು ಹೊಸದಲ್ಲ. ತೊಟ್ಟಿಲಲ್ಲಿ ಇಟ್ಟದ್ದು ಒಂದು, ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದದ್ದು ಇನ್ನೊಂದು, ಆಧಾರ್ ಮಾಡಿಸುವಾಗ ಕಂಪ್ಯೂಟರ್ ಮುಂದೆ ಕೂತ ಹುಡುಗ ಒತ್ತಿದ್ದು ಮತ್ತೊಂದು. ಮನೆತನದ ಹೆಸರು ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರಿಗೇ ನಿಂತಿರುತ್ತದೆ. ಲಗ್ನದ ದಿನ ಸೊಸೆಗೆ ಹೊಸ ಹೆಸರಿಡುವ ಮನೆಗಳೂ ಇವೆ. ಇದ್ಯಾವುದೂ ಮೋಸ ಅಲ್ಲ. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಕಾಗದಗಳನ್ನು ಒಂದೊಂದಾಗಿ ಸರಿಪಡಿಸಿಕೊಂಡರೆ ಆಯ್ತು.

ಮೋಸ ಅನ್ನಿಸಿಕೊಳ್ಳಬೇಕಾದರೆ ಹೆಸರಿನ ಹಿಂದೆ ಏನನ್ನೋ ಮುಚ್ಚಿಟ್ಟಿರಬೇಕು. ಹಾಗಾಗಿ ಬಂದವರಿಗೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಅವನು ಹೆಸರು ಬದಲಿಸಿ ಮರೆಮಾಚಿದ್ದು ಏನನ್ನು? ಊರಲ್ಲಿರುವ ಮೊದಲ ಹೆಂಡತಿಯನ್ನೋ, ಧರ್ಮವನ್ನೋ, ಜೈಲಿನ ಕೇಸನ್ನೋ, ಬರೀ ಸಾಲಗಾರರನ್ನೋ? ಮುಂದಿನ ದಾರಿ ಪೂರ್ತಿ ಈ ಉತ್ತರದ ಮೇಲೆ ನಿಂತಿದೆ.

ಎರಡನೇ ಹೆಜ್ಜೆ: ಲಗ್ನ ಹುಟ್ಟಿನಿಂದಲೇ ಇಲ್ಲವೋ, ಕೋರ್ಟು ರದ್ದು ಮಾಡಬೇಕೋ?

1955ರ ಹಿಂದೂ ವಿವಾಹ ಕಾಯ್ದೆಯಿಂದ ಶುರು ಮಾಡೋಣ. ಲಿಂಗಾಯತರು, ವೀರಶೈವರು ಇದರೊಳಗೆ ಬರುತ್ತಾರೆ, ಕಾಯ್ದೆಯಲ್ಲಿ ಅವರ ಹೆಸರೇ ಇದೆ. ಬೌದ್ಧರು, ಜೈನರು, ಸಿಖ್ಖರೂ ಬರುತ್ತಾರೆ.

ಮುಚ್ಚಿಟ್ಟದ್ದು ಬದುಕಿರುವ ಹೆಂಡತಿ ಅಥವಾ ಗಂಡನನ್ನು ಆಗಿದ್ದರೆ, ನಿಮ್ಮ ಲಗ್ನ ಹುಟ್ಟಿನಿಂದಲೇ ಇಲ್ಲ. ಕಲಂ 11ರ ಪ್ರಕಾರ ಅದು ಶೂನ್ಯ ವಿವಾಹ. ಇದಕ್ಕೆ ಒಂದು ವರ್ಷದ ಗಡುವು ಅನ್ವಯಿಸುವುದಿಲ್ಲ. ಆದರೂ ಕೋರ್ಟಿನಿಂದ ಡಿಕ್ರಿ ಬರೆಸಿಕೊಳ್ಳಿ ಅಂತಲೇ ನಾನು ಹೇಳುವುದು. ಬ್ಯಾಂಕಿನವರು, ಪಾಸ್‌ಪೋರ್ಟಿನವರು, ಮುಂದೆ ಬೀಗರಾಗುವವರು ಕೇಳುವುದು ಕಾಗದವನ್ನೇ.

ಮುಚ್ಚಿಟ್ಟದ್ದು ಧರ್ಮವಾಗಿದ್ದರೂ ಹೆಚ್ಚುಕಡಿಮೆ ಇದೇ ಫಲ. ಈ ಕಾಯ್ದೆಯಡಿ ಲಗ್ನ ಆಗಬೇಕಾದರೆ ಲಗ್ನದ ದಿನ ಇಬ್ಬರೂ ಹಿಂದೂಗಳಾಗಿರಬೇಕು. ಹಿಂದೂ ಹುಡುಗಿಗೆ ಕ್ರೈಸ್ತ ಹುಡುಗ ದೇವಸ್ಥಾನದಲ್ಲಿ ತಾಳಿ ಕಟ್ಟಿದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದು ಈ ಕಾಯ್ದೆಯಡಿ ಮದುವೆಯೇ ಅಲ್ಲ ಅಂತ 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಇಲ್ಲಿ ಒಂದು ಮಾತು. ಬೇರೆ ಬೇರೆ ಧರ್ಮದವರು ಮದುವೆಯಾಗುವುದಕ್ಕೆ ಕಾನೂನು ಅಡ್ಡ ಬರುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಅದಕ್ಕೆ. ಯಾರೂ ಹೆಸರನ್ನಾಗಲಿ ಧರ್ಮವನ್ನಾಗಲಿ ಬದಲಿಸಬೇಕಿಲ್ಲ. ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ಅಷ್ಟೇ. ಆ ದಾರಿ ಇದ್ದೂ ಒಬ್ಬ ಸುಳ್ಳು ಹೆಸರಿನಲ್ಲಿ ತಾಳಿ ಕಟ್ಟಿದ ಅಂದರೆ, ನಾನಂತೂ ಯಾಕೆ ಅಂತ ಕೇಳುತ್ತೇನೆ.

ಉಳಿದ ಸುಳ್ಳುಗಳೆಲ್ಲ ಕಲಂ 12ಕ್ಕೆ ಬರುತ್ತವೆ. ಲಗ್ನ ಆಗಿದೆ, ನಡೆಯುತ್ತಿದೆ, ನೀವು ಕೇಳಿದರೆ ಮಾತ್ರ ಕೋರ್ಟು ಅದನ್ನು ರದ್ದು ಮಾಡುತ್ತದೆ. ಕೇಳುವ ಹಕ್ಕು ಮೋಸ ಹೋದವರಿಗೆ ಮಾತ್ರ. ಮೋಸ ಮಾಡಿದವನೇ ಬಂದು "ನಾ ಹೇಳಿದ ಹೆಸರು ಖೊಟ್ಟಿ ಇತ್ತು, ನನಗ ಬಿಡುಗಡಿ ಕೊಡ್ರಿ" ಅಂತ ಕೇಳಿದರೆ ನಡೆಯುವುದಿಲ್ಲ.

ಹಾಗಾದರೆ ಎಲ್ಲ ಸುಳ್ಳಿಗೂ ಲಗ್ನ ರದ್ದಾಗುತ್ತದಾ? ಇಲ್ಲ. ಮೊದಲು ಈ ಕಲಮಿನಲ್ಲಿ ಬರೀ 'ಮೋಸ' ಅಂತಿತ್ತು. ಕೋರ್ಟುಗಳು ಅದನ್ನು ಬಹಳ ಬಿಗಿಯಾಗಿ ಓದುತ್ತಿದ್ದವು. 1976ರ ತಿದ್ದುಪಡಿಯಲ್ಲಿ ಅದನ್ನು ಅಗಲ ಮಾಡಿದರು. ನಡೆಯುತ್ತಿರುವ ಶಾಸ್ತ್ರ ಎಂಥದ್ದು ಅನ್ನುವ ಬಗ್ಗೆ ಅಥವಾ ಎದುರು ಪಕ್ಷದವರ ಬಗ್ಗೆ ಯಾವುದೇ ಮುಖ್ಯ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೂ ಅದು ಮೋಸ ಅಂತಾಯಿತು. ಈ 'ಮುಖ್ಯ' ಅನ್ನುವ ಮಾತಿನ ಮೇಲೆಯೇ ಇವತ್ತಿಗೂ ವಾದ ನಡೆಯುವುದು. ಬೇರೊಬ್ಬ ವ್ಯಕ್ತಿಯೇ ತಾನು ಅಂತ ನಂಬಿಸಿದ್ದರೆ, ಹಿಂದಿನ ಲಗ್ನ ಮತ್ತು ವಿಚ್ಛೇದನ ಮುಚ್ಚಿಟ್ಟಿದ್ದರೆ ಕೇಸಿಗೆ ಬಲ ಜಾಸ್ತಿ. "ಸಂಬಳ 40 ಸಾವಿರ ಅಂದಿದ್ದ, ಈಗ ನೋಡಿದ್ರ 25 ಅದ" ಅನ್ನುವುದಕ್ಕೆ ಕಡಿಮೆ. ನೌಕರಿ, ವಿದ್ಯೆ, ವಯಸ್ಸಿನ ಸುಳ್ಳುಗಳ ಬಗ್ಗೆ ಎಲ್ಲ ಕೋರ್ಟುಗಳೂ ಒಂದೇ ಥರ ಹೇಳಿಲ್ಲ. ಕಲ್ಯಾಣ ಕರ್ನಾಟಕದವರಿಗಿರುವ 371 ಜೆ ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಸಿಕ್ಕಿದೆ ಅಂತ ನಕಲಿ ಆದೇಶ ತೋರಿಸಿ ಲಗ್ನವಾದವನ ಕೇಸು, ಬಾಯಿಮಾತಿನಲ್ಲಿ ಬಡಾಯಿ ಕೊಚ್ಚಿದವನ ಕೇಸಿಗಿಂತ ಬೇರೆ. ನಕಲಿ ಕಾಗದ ತಯಾರಿಸಿದವನಿಗೆ ತನ್ನ ಸುಳ್ಳು ಎಷ್ಟು ಮುಖ್ಯ ಅನ್ನುವುದು ಗೊತ್ತಿತ್ತು, ಅಲ್ವಾ?

ಮುಸ್ಲಿಂ ನಿಕಾಹ್ ಒಪ್ಪಂದದ ಸ್ವರೂಪದ್ದು. ಮೋಸದಿಂದ ಪಡೆದ ಒಪ್ಪಿಗೆಯ ನಿಕಾಹ್, ನಿಜ ಗೊತ್ತಾದ ಮೇಲೆ ನೀವೇ ಒಪ್ಪಿಕೊಂಡರೆ ಹೊರತು ನಿಲ್ಲುವುದಿಲ್ಲ. ನಿಕಾಹ್‌ನಾಮಾದ ಪ್ರತಿ ಮೊದಲು ಕೈಗೆ ತೆಗೆದುಕೊಳ್ಳಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಡಿ ಮೋಸದ ಕಾರಣಕ್ಕೆ ಮದುವೆ ಅಸಿಂಧು ಅಂತ ಘೋಷಿಸಿಕೊಳ್ಳುವ ದಾರಿಯಿದೆ. ವಿಶೇಷ ವಿವಾಹ ಕಾಯ್ದೆಯಡಿ ಆದವರಿಗೆ ಕಲಂ 25 ಇದೆ, ಅಲ್ಲೂ ಒಂದು ವರ್ಷದ ಗಡುವೇ.

ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಇದ್ದರೆ ಲಗ್ನ ಗಟ್ಟಿ, ಇಲ್ಲದಿದ್ದರೆ ಸಡಿಲ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಹಿಂದೂ ವಿವಾಹದಲ್ಲಿ ಶಾಸ್ತ್ರ ಮುಖ್ಯ, ಸರ್ಟಿಫಿಕೇಟ್ ಬರೀ ಪುರಾವೆ. ಶಾಸ್ತ್ರವೇ ನಡೆಯದೆ ತೆಗೆದ ಸರ್ಟಿಫಿಕೇಟ್‌ಗೆ ಬೆಲೆಯಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಮೂರನೇ ಹೆಜ್ಜೆ: ಗೊತ್ತಾದ ದಿನ

ಜೇವರ್ಗಿ ಕಡೆಯ ಒಬ್ಬ ಹುಡುಗಿ ಅಂದುಕೊಳ್ಳಿ. ಹುಡುಗ ಸೊಲ್ಲಾಪುರದಲ್ಲಿ ನೌಕರಿ ಅಂದಿದ್ದ. ಗಾಣಗಾಪುರದಲ್ಲಿ ಲಗ್ನವಾಯಿತು. ಆರು ತಿಂಗಳ ಮೇಲೆ ಅವನ ಟ್ರಂಕಿನಲ್ಲಿ ಅದೇ ಮುಖದ, ಬೇರೆ ಹೆಸರಿನ, ಬೇರೆ ಅಪ್ಪನ ಹೆಸರಿನ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ.

ಸಾಮಾನ್ಯವಾಗಿ ಆಮೇಲೆ ಏನಾಗುತ್ತದೆ ಗೊತ್ತಾ? ಹುಡುಗಿ ಅವ್ವನಿಗೆ ಫೋನ್ ಮಾಡುತ್ತಾಳೆ. ಅವ್ವ, "ಅಪ್ಪಗ ಈಗ ಹೇಳಬ್ಯಾಡ, ಬಿಪಿ ಅದ" ಅನ್ನುತ್ತಾಳೆ. ಒಂದು ತಿಂಗಳು ಹೋಗುತ್ತದೆ. ಆಮೇಲೆ ಹಿರಿಯರು ಕೂಡುತ್ತಾರೆ. "ಆಗಿದ್ದು ಆಗಿ ಹೋಗ್ಯಾದ, ಹೊಂದ್ಕೊಂಡು ಹೋಗವ್ವ" ಅಂತ ಹುಡುಗಿಯನ್ನು ತಿರುಗಿ ಕಳಿಸುತ್ತಾರೆ. ಅವಳು ಎರಡು ತಿಂಗಳು ಇದ್ದು, ಆಗದೆ, ಮತ್ತೆ ತವರಿಗೆ ಬರುತ್ತಾಳೆ. ನನ್ನ ಹತ್ತಿರ ಬರುವ ಹೊತ್ತಿಗೆ ಕೇಸು ಅರ್ಧ ಹೋಗಿರುತ್ತದೆ. ಮೋಸ ಗೊತ್ತಾದ ಮೇಲೂ ಪೂರ್ತಿ ಒಪ್ಪಿಗೆಯಿಂದ ಗಂಡ ಹೆಂಡತಿಯಾಗಿ ಬಾಳಿದ್ದರೆ ಕಲಂ 12ರ ಅರ್ಜಿಯನ್ನು ಕೋರ್ಟು ತೆಗೆದುಕೊಳ್ಳಬಾರದು ಅಂತ ಕಾಯ್ದೆಯೇ ಹೇಳುತ್ತದೆ. ಹೆದರಿಸಿ ಇಟ್ಟುಕೊಂಡಿದ್ದರು, ಒಪ್ಪಿಗೆ ಇರಲಿಲ್ಲ ಅಂತ ವಾದಿಸಬಹುದು. ಆದರೆ ಅದನ್ನು ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಬೀಳುತ್ತದೆ.

ಹಿರಿಯರ ಮಾತು ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಮಾತುಕತೆ ನಡೆಯಲಿ, ಹುಡುಗಿ ಮಾತ್ರ ತವರಿನಲ್ಲೇ ಇರಲಿ. ಪಂಚಾಯಿತಿ ಎಷ್ಟು ತಿಂಗಳು ನಡೆದರೂ ಆ ಒಂದು ವರ್ಷದ ಗಡುವು ನಿಲ್ಲುವುದಿಲ್ಲ. ಇನ್ನು ಬಾಂಡ್ ಪೇಪರ್ ಮೇಲೆ ಇಬ್ಬರ ಸಹಿ ಹಾಕಿಸಿ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆಸಿಕೊಳ್ಳುವ ರೂಢಿ. ನಿಮ್ಮ ಸಮಾಜದಲ್ಲಿ ಅಂಥ ಪದ್ಧತಿ ಹಿಂದಿನಿಂದ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಇಲ್ಲದಿದ್ದರೆ ಅದು ಬರೀ ಬಾಂಡ್ ಪೇಪರ್. ಅದನ್ನು ನಂಬಿ ಇನ್ನೊಂದು ಲಗ್ನವಾದವರೇ ಆಮೇಲೆ ದ್ವಿಪತ್ನಿತ್ವದ ಕೇಸಿನಲ್ಲಿ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ಆ ದಿನ ಮಾಡಬೇಕಾದದ್ದು ಹೆಚ್ಚೇನಿಲ್ಲ. ಲೈಸೆನ್ಸಿನ ಎರಡೂ ಬದಿಯ ಫೋಟೋ ತೆಗೆಯಿರಿ. ಅದನ್ನು ಅಣ್ಣನಿಗೋ ಗೆಳತಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಜೊತೆಗೆ ಒಂದು ಸಾಲು ಬರೆಯಿರಿ: ಇವತ್ತು ಇದು ಸಿಕ್ಕಿತು. ನಿಮಗೆ ಮೋಸ ಯಾವತ್ತು ಗೊತ್ತಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಸಿಗುವುದು ಕಷ್ಟ. ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಲಗ್ನದ ಆಲ್ಬಮ್ ಹರಿಯಬೇಡಿ. ಲಗ್ನ ಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ವಿಡಿಯೋ, ಮದುವೆ ಮಾತಾಡುವಾಗ ಅವನು ಕಳಿಸಿದ ಬಯೋಡೇಟಾ, ಹಣ ಕಳಿಸಿದ ಬ್ಯಾಂಕ್ ವಿವರ ಎಲ್ಲವನ್ನೂ ಒಂದು ಕಡೆ ಇಡಿ. ವಿಡಿಯೋ ಯಾಕೆ ಅಂತೀರಾ? ದ್ವಿಪತ್ನಿತ್ವದ ಕೇಸಿನಲ್ಲಿ ನಿಮ್ಮ ಲಗ್ನ ಶಾಸ್ತ್ರೋಕ್ತವಾಗಿ ನಡೆದಿತ್ತು ಅಂತ ನೀವೇ ತೋರಿಸಬೇಕಾಗುತ್ತದೆ. ಫೋನನ್ನೂ ಮಾರಬೇಡಿ, ಬದಲಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ಚಾಟ್, ಫೋಟೋ ಕೋರ್ಟಿಗೆ ಕೊಡುವಾಗ ಒಂದು ಪ್ರಮಾಣಪತ್ರ ಲಗತ್ತಿಸಬೇಕು. ಮೂಲ ಫೋನ್ ಕೈಯಲ್ಲಿದ್ದರೆ ಅದು ಸುಲಭ.

ನಾಲ್ಕನೇ ಹೆಜ್ಜೆ: ಅರ್ಜಿ

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಕೂರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ವಕೀಲರು ಪುಕ್ಕಟೆ ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬೇಕು. ಅದು ಇಲ್ಲದ ಕಡೆ ಅಧಿಕಾರ ಇರುವ ಸಿವಿಲ್ ಕೋರ್ಟಿನಲ್ಲಿ. ಲಗ್ನ ಎಲ್ಲಿ ಆಯಿತೋ ಅಲ್ಲಿ, ಕೊನೆಗೆ ಇಬ್ಬರೂ ಎಲ್ಲಿದ್ದರೋ ಅಲ್ಲಿ, ಎದುರಾಳಿ ಎಲ್ಲಿದ್ದಾನೋ ಅಲ್ಲಿ ಹಾಕಬಹುದು. 2003ರಿಂದ ಹೆಂಡತಿಗೆ ಇನ್ನೊಂದು ಅನುಕೂಲ ಆಗಿದೆ, ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ನಮ್ಮ ಜೇವರ್ಗಿ ಹುಡುಗಿ ಸೊಲ್ಲಾಪುರಕ್ಕೆ ಓಡಾಡಬೇಕಿಲ್ಲ.

ಅರ್ಜಿಯಲ್ಲಿ ಎದುರಾಳಿಯ ಎರಡೂ ಹೆಸರು ಬರೆಸಿ. ನಿಮಗೆ ಹೇಳಿದ್ದು, ಆಮೇಲೆ ಸಿಕ್ಕಿದ್ದು, ನಡುವೆ ಒಂದು 'ಉರ್ಫ್'. ಒಂದೇ ಹೆಸರು ಬರೆದರೆ "ಆ ಹೆಸರಿನವ ನಾನಲ್ಲ" ಅಂತ ಸಮನ್ಸ್ ತೆಗೆದುಕೊಳ್ಳದೆ ಜಾರಿಕೊಳ್ಳುತ್ತಾನೆ. ಲಗ್ನದ ಫೋಟೋ ಒಂದನ್ನು ಅರ್ಜಿಗೇ ಲಗತ್ತಿಸುವುದು ನನ್ನ ರೂಢಿ. ಆಳು ಪತ್ತೆಯೇ ಇಲ್ಲದಿದ್ದರೂ ಕೇಸು ನಿಲ್ಲುವುದಿಲ್ಲ. ಕೋರ್ಟಿನ ಅನುಮತಿ ಪಡೆದು ಪೇಪರಿನಲ್ಲಿ ನೋಟಿಸ್ ಹಾಕಿಸಿ ಮುಂದುವರಿಯಬಹುದು.

'ಅವನು ಮೋಸ ಮಾಡಿದ' ಅಂತ ಒಂದು ಸಾಲು ಬರೆದರೆ ಸಾಲದು. ಮೋಸದ ವಿವರ ಬರೆಯಲೇಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಯಾವ ತಾರೀಖಿಗೆ ಕನ್ಯಾ ನೋಡಲು ಬಂದರು, ಯಾರ ಮುಂದೆ ಏನು ಹೇಳಿದರು, ಯಾವ ಕಾಗದ ತೋರಿಸಿದರು, ನಿಜ ಯಾವತ್ತು ಹೇಗೆ ಗೊತ್ತಾಯಿತು, ಅದಾದ ಮೇಲೆ ನೀವು ಎಲ್ಲಿದ್ದಿರಿ. ಮಾತುಕತೆಗೆ ಕೂತಿದ್ದ ಕಾಕಾ, ಸೋದರಮಾವ, ಮಧ್ಯಸ್ತಿಕೆ ಮಾಡಿದವರು, ಇವರೇ ನಿಮ್ಮ ಸಾಕ್ಷಿಗಳು. ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಸಾಕ್ಷಿ ಹೇಳುವ ದಿನ ಊರಿನ ಸಂಬಂಧ ಕೆಡುತ್ತದೆ ಅಂತ ಹಿಂದೆ ಸರಿದವರನ್ನು ನಾನು ನೋಡಿದ್ದೇನೆ. ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ, ಊರಿಗೆಲ್ಲ ಕೇಳಿಸುತ್ತದೆ ಅನ್ನುವ ಭಯ ಬೇಡ.

ವಿಚ್ಛೇದನಕ್ಕಾದರೆ ಸಾಮಾನ್ಯವಾಗಿ ಲಗ್ನವಾಗಿ ಒಂದು ವರ್ಷ ಆಗಿರಬೇಕು. ರದ್ದತಿಗೆ ಆ ಕಾಯುವಿಕೆ ಇಲ್ಲ, ಲಗ್ನದ ಮಾರನೇ ದಿನವೇ ಹಾಕಬಹುದು. ಗಡುವು ಈಗಾಗಲೇ ದಾಟಿ ಹೋಗಿದ್ದರೆ ಕ್ರೌರ್ಯದ ಕಾರಣಕ್ಕೆ ಅಥವಾ ಇಬ್ಬರ ಒಪ್ಪಿಗೆಯಿಂದ ವಿಚ್ಛೇದನ ಕೇಳುವ ದಾರಿ ಉಳಿದಿದೆ. ಅದು ಉದ್ದದ ದಾರಿ, ಆದರೆ ದಾರಿಯೇ.

ಅಪೀಲು ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. 2008ರಲ್ಲಿ ಇದು ಸಂಚಾರಿ ಪೀಠವಾಗಿ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಬೀದರಿನವರು ಇದಕ್ಕಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು. ತೀರ್ಪು ಬಂದ ಮೇಲೆ ಅಪೀಲಿನ ಅವಧಿ ಮುಗಿಯುವ ತನಕ ಇನ್ನೊಂದು ಲಗ್ನದ ಮಾತು ಬೇಡ.

ಐದನೇ ಹೆಜ್ಜೆ: ಪೊಲೀಸ್ ಠಾಣೆ

ಇದು ಬೇರೆಯೇ ದಾರಿ, ಲಗ್ನದ ಕೇಸಿನ ಜೊತೆಯಲ್ಲೇ ನಡೆಯಬಹುದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ ಕಲಂ 69 ಹೊಸದು. ಗುರುತು ಮುಚ್ಚಿಟ್ಟು ಮದುವೆಯಾಗಿ ಹೆಣ್ಣಿನ ಜೊತೆ ದೈಹಿಕ ಸಂಬಂಧ ಬೆಳೆಸುವುದನ್ನು ಅದು ಅಪರಾಧ ಅನ್ನುತ್ತದೆ. ಶಿಕ್ಷೆ 10 ವರ್ಷದವರೆಗೆ. ಆ ತಾರೀಖಿಗಿಂತ ಮೊದಲು ನಡೆದದ್ದಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಇದರ ಜೊತೆ ವಂಚನೆಗೆ ಕಲಂ 318, ಬೇರೊಬ್ಬನಂತೆ ನಟಿಸಿ ವಂಚಿಸಿದ್ದಕ್ಕೆ ಕಲಂ 319, ನಕಲಿ ದಾಖಲೆಗಳಿಗೆ ಬೇರೆ ಕಲಂಗಳಿವೆ. ಇವುಗಳಿಗೆ ಠಾಣೆಯಲ್ಲಿ ದೂರು ಕೊಡಿ. "ಇದು ನಮ್ಮ ಹದ್ದಿನಾಗ ಬರಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ, ಘಟನೆ ಎಲ್ಲೇ ನಡೆದಿದ್ದರೂ ದಾಖಲಿಸಬೇಕು. ಆದರೂ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಕಲಬುರಗಿ ನಗರದಲ್ಲಾದರೆ ಪೊಲೀಸ್ ಕಮಿಷನರ್‌ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅದಾದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಒಂದು ಗೊಂದಲ ಇಲ್ಲಿ ಬಹಳ ಜನಕ್ಕೆ ಆಗುತ್ತದೆ. ದ್ವಿಪತ್ನಿತ್ವ ಕಲಂ 82ರಲ್ಲಿದೆ, 7 ವರ್ಷದವರೆಗೆ ಶಿಕ್ಷೆ. ಹಿಂದಿನ ಲಗ್ನವನ್ನು ಮುಚ್ಚಿಟ್ಟಿದ್ದರೆ 10 ವರ್ಷದವರೆಗೆ. ಲಗ್ನ ಆಗಿದೆ ಅಂತ ಸುಮ್ನೆ ನಂಬಿಸಿ ಬಾಳಿದ್ದು ಕಲಂ 81. ಈ ಕಲಂಗಳ ಕೇಸನ್ನು ನೊಂದವರು, ಇಲ್ಲವೇ ಅವರ ಪರವಾಗಿ ಕಾನೂನು ಒಪ್ಪುವ ಹತ್ತಿರದವರು, ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಟ್ಟರೆ ಮಾತ್ರ ಕೋರ್ಟು ಕೈಗೆತ್ತಿಕೊಳ್ಳುತ್ತದೆ. ಹಾಗಾಗಿ ಠಾಣೆಯಲ್ಲಿ "ಇದಕ್ಕ ಕೋರ್ಟಿಗೆ ಹೋಗ್ರಿ" ಅಂದರೆ ಪ್ರತಿ ಸಲವೂ ಅದು ನುಣುಚಿಕೊಳ್ಳುವ ಮಾತಲ್ಲ.

ಮೋಸ ಹೋದ ಗಂಡಸರಿಗೂ ಒಂದು ಮಾತು. ಒಕ್ಕಲುತನ ಮಾಡುವ ಹುಡುಗರಿಗೆ ಕನ್ಯಾ ಸಿಗುವುದು ಕಷ್ಟವಾಗಿದೆ. ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳಿದ್ದಾರೆ. ದೂರದ ಊರಿನ ಹುಡುಗಿ ತೋರಿಸಿ, ದುಡ್ಡು ತೆಗೆದುಕೊಂಡು, ನಾಲ್ಕು ಜನರ ಮುಂದೆ ತಾಳಿ ಕಟ್ಟಿಸುತ್ತಾರೆ. ವಾರದೊಳಗೆ ಹುಡುಗಿ ಬಂಗಾರದ ಸಮೇತ ನಾಪತ್ತೆ. ಕಲಂ 69 ಹೆಣ್ಣುಮಕ್ಕಳಿಗೆ ಮಾತ್ರ. ಆದರೆ 318, 319 ಮತ್ತು ಕಲಂ 12ರ ರದ್ದತಿ ಗಂಡಸರಿಗೂ ಇವೆ. ದೂರಿನಲ್ಲಿ ದಲ್ಲಾಳಿಯ ಹೆಸರನ್ನೂ ಬರೆಯಿರಿ. ನಾಚಿಕೆಯಿಂದ ಯಾರೂ ಠಾಣೆಗೆ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆಯೇ ಅವನ ಧಂದೆ ನಡೆಯುವುದು.

ಮಕ್ಕಳು, ಜೀವನಾಂಶ, ಬಂಗಾರ

ಮಗು ಇದ್ದವರು ಕೇಳುವ ಮೊದಲ ಪ್ರಶ್ನೆ ಇದು: ಲಗ್ನ ರದ್ದಾದರೆ ನನ್ನ ಕೂಸಿನ ಗತಿ? ಕೂಸಿಗೆ ಏನೂ ಆಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಕಲಂ 16ರ ಪ್ರಕಾರ ಲಗ್ನ ಶೂನ್ಯವಾದರೂ ರದ್ದಾದರೂ ಮಗು ಸಕ್ರಮವೇ. ಅಪ್ಪನ ಸ್ವಂತ ಆಸ್ತಿಯಲ್ಲಿ ಪಾಲಿದೆ. ಕೂಡು ಕುಟುಂಬದ ಆಸ್ತಿಯಲ್ಲಿ ಅಪ್ಪನಿಗೆ ಬರುವ ಪಾಲಿನಲ್ಲೂ ಹಕ್ಕಿದೆ ಅಂತ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಪ್ರಕರಣ ಹೋಗಿದ್ದು ಕರ್ನಾಟಕದಿಂದಲೇ. ಅಪ್ಪ ಸುಳ್ಳು ಹೆಸರಿನವನಾಗಿದ್ದರೆ ಅವನ ನಿಜವಾದ ಹೆಸರು ಕೋರ್ಟಿನ ತೀರ್ಪಿನಲ್ಲಿ ದಾಖಲಾಗುವುದು ಕೂಸಿಗೆ ಬಹಳ ಮುಖ್ಯ. ಮುಂದೆ ಪಹಣಿ ಹಿಡಿದು ಪಾಲು ಕೇಳುವಾಗ ಆ ಹೆಸರೇ ಬೇಕು.

ಲಗ್ನ ಶೂನ್ಯವಾದರೂ ಅದೇ ಹಿಂದೂ ವಿವಾಹ ಕಾಯ್ದೆಯ ಕಲಂ 25ರಡಿ ಕಾಯಂ ಜೀವನಾಂಶ ಕೇಳಬಹುದು, 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಕೊಡಲೇಬೇಕು ಅಂತಿಲ್ಲ, ಕೋರ್ಟು ಪರಿಸ್ಥಿತಿ ನೋಡಿ ತೀರ್ಮಾನಿಸುತ್ತದೆ. ತವರಿನಿಂದ ಬಂದ ಬಂಗಾರ, ಪಾತ್ರೆ, ಗಾಡಿಯ ಪಟ್ಟಿಯನ್ನು ಬಿಲ್ಲುಗಳ ಸಮೇತ ಮೊದಲ ಅರ್ಜಿಯಲ್ಲೇ ಕೊಡಿ. ಹೊಡೆತ, ಬೆದರಿಕೆ ಇದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181.

ಇನ್ನೂ ಲಗ್ನ ಆಗದವರಿಗೆ

ಆಧಾರ್ ಕಾರ್ಡಿನ ಜೆರಾಕ್ಸ್ ಒಂದನ್ನೇ ನಂಬಬೇಡಿ. ಜೆರಾಕ್ಸಿನಲ್ಲಿ ಯಾವ ಹೆಸರನ್ನಾದರೂ ಕೂರಿಸಬಹುದು. ಮೂಲ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಸಂಸ್ಥೆಯ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೇಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಗನ ಹೆಸರು ಹಾಕಿ ಅವನ ಜಿಲ್ಲೆಯಲ್ಲಿ ಕೇಸಿದೆಯೇ ಹುಡುಕಿ. ರೇಷನ್ ಕಾರ್ಡ್ ನೋಡಿ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮತದಾರರ ಪಟ್ಟಿ. ಚುನಾವಣಾ ಇಲಾಖೆಯ ವೆಬ್‌ಸೈಟಿನಲ್ಲಿ ಊರೂರಿನ ಪಟ್ಟಿ ಸಿಗುತ್ತದೆ, ಯಾರನ್ನೂ ಕೇಳಬೇಕಿಲ್ಲ, ಬೀಗರಿಗೆ ಬೇಜಾರೂ ಆಗುವುದಿಲ್ಲ. ಅವನು ಹೇಳಿದ ಊರಿನ ಪಟ್ಟಿ ತೆಗೆದು, ಅವನ ಹೆಸರಿನ ಮುಂದಿರುವ ಮನೆ ನಂಬರ್ ನೋಡಿ. ಆಮೇಲೆ ಅದೇ ಮನೆ ನಂಬರಿನ ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದಿ. ಯಾರದಾದರೂ ಹೆಸರಿನ ಕೆಳಗೆ 'ಗಂಡನ ಹೆಸರು' ಅನ್ನುವಲ್ಲಿ ಅವನದೇ ಹೆಸರಿದ್ದರೆ, ಲಗ್ನ ಪತ್ರಿಕೆ ಅಚ್ಚಿಗೆ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.